ವನ್ಸ್ ಮೋರ್

ಕಂಪನಿ ನಾಟಕಗಳನ್ನು ನೋಡಿ ಬೆಳೆದ ಹಿರಿಯರಿಗೆ ‘ವನ್ಸ್ ಮೋರ್’ ಎಂಬ ಕೂಗನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಂಗ್ಲಿಷಿನ ಗಂಧವಿಲ್ಲದವರೂ ಗಂಟಲೆತ್ತಿ ಕೂಗುತ್ತಿದ್ದ ಇಂಗ್ಲಿಷು ಅದು. ಪಾತ್ರಧಾರಿ ಒಂದು ರಂಗಗೀತೆಯನ್ನು ಮನಮುಟ್ಟುವಂತೆ ಹಾಡಿದನೆಂದರೆ ಸಾಕು, ನೆಲದ ತಿಕೀಟಿನವರಿಂದ ಹಿಡಿದು ಕುರ್ಚಿಯವರವರೆಗೆ ಆ ಕೂಗು ಎದ್ದುಬಿಡುತ್ತಿತ್ತು. ಕಥೆ ಅಲ್ಲಿಯೇ ನಿಲ್ಲಬೇಕು. ಸತ್ತು ಬಿದ್ದ ಪಾತ್ರವು ಎದ್ದು ಕುಳಿತು, ಇನ್ನೊಮ್ಮೆ ಹಾಡಿ, ಮತ್ತೊಮ್ಮೆ ಸತ್ತದ್ದೂ ಉಂಟೆಂದು ಹಿರಿಯರು ನಕ್ಕು ಹೇಳುತ್ತಿದ್ದರು. ಹಾಗೆಂದು ಕೇಳಿದಾಗಲೆಲ್ಲ ಸಿಕ್ಕುವ ವಸ್ತುವಲ್ಲ ಅದು. ನಟನು ಹಾರ್ಮೋನಿಯಂ ಮಾಸ್ತರರ ಮುಖ ನೋಡುವನು, ಮಾಸ್ತರರು ಗಂಟಲಿನ ಸ್ಥಿತಿಯನ್ನೂ ಗಡಿಯಾರವನ್ನೂ ನೋಡುವರು, ಆಮೇಲೆ ತೀರ್ಮಾನ. ಅದು ಕೇಳುವವರಿಗೂ ಕೊಡುವವರಿಗೂ ನಡುವೆ ನಡೆಯುವ ಒಂದು ಮರ್ಯಾದೆಯ ವ್ಯವಹಾರವಾಗಿತ್ತು.

ಈಗ ಆ ವ್ಯವಹಾರ ನಮ್ಮ ಹೆಬ್ಬೆರಳಿನ ತುದಿಗೆ ಬಂದಿದೆ. ಗುಂಡಿ ಒತ್ತಿದರೆ ಹಾಡು ಹಿಂದಕ್ಕೆ ಸರಿದು ಮತ್ತೆ ಮೊದಲಾಗುತ್ತದೆ. ಹತ್ತು ಸಲ ಒತ್ತಿದರೂ ಯಾರ ಗಂಟಲೂ ನೋಯುವುದಿಲ್ಲ, ಯಾರ ಅಪ್ಪಣೆಯೂ ಬೇಡ. ಇದು ಲಾಭವೇ, ನಷ್ಟವೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ನಡೆದು ಬಂದ ವಾದ. ವಾಚಕರೂ ಅದರಲ್ಲಿ ಪಾಲುಗೊಳ್ಳಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

‘ನಾವು’ ಎಂದರೆ ಗಂಡಹೆಂಡಿರಿಬ್ಬರು. ಧಾರವಾಡದ ಕಡೆಯವರು. ಉದ್ಯೋಗನಿಮಿತ್ತವಾಗಿ 1978ರಲ್ಲಿ ಬಡೋದೆಗೆ, ಅಂದರೆ ಈಗಿನ ವಡೋದರಕ್ಕೆ, ಬಂದೆವು; ಅಲ್ಲಿಂದ ಸೂರತ್ತು, ಸೂರತ್ತಿನಿಂದ ಅಹಮದಾಬಾದು. ಆಗಿನ ಕಾಲಕ್ಕೆ ಊರಿಗೆ ಹೋಗಿಬರುವುದೆಂದರೆ ಮುಂಬಯಿಯಲ್ಲೊಂದು ಗಾಡಿ ಬದಲು, ಮೀರಜಿನಲ್ಲಿ ಚಿಕ್ಕ ಹಳಿಯ ಗಾಡಿಗೆ ಇನ್ನೊಂದು ಬದಲು. ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ನಮ್ಮೊಂದಿಗೆ ಬಂದ ಹಿರಿಯರು ನಮ್ಮಲ್ಲಿ ಒಬ್ಬರಿಗೆ ಅವ್ವ, ಇನ್ನೊಬ್ಬರಿಗೆ ಅತ್ತೆ. ಮಕ್ಕಳು ಕರೆಯುತ್ತಿದ್ದಂತೆ ಇಲ್ಲಿ ‘ಆಯಿ’ ಎಂದೇ ಅನ್ನೋಣ. ಆಯಿಗೆ ನಾಟಕವೆಂದರೆ ಊಟಕ್ಕಿಂತ ಮೇಲು. ಗದುಗಿನ ಗರೂಡ ಸದಾಶಿವರಾಯರ ನಾಟಕ ನೋಡಿ ಬೆಳೆದವರು; ಏಣಗಿ ಬಾಳಪ್ಪನವರ ಹಾಡು ಕೇಳಲು ಚಕ್ಕಡಿ ಹೂಡಿಸಿಕೊಂಡು ಹೋದವರು. ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ, ನೂರು ದಾಟಿ ಬಾಳಿದರು. ಆಯಿಗೆ ಆ ಭಾಗ್ಯ ಇರಲಿಲ್ಲ.

ಬಡೋದೆಗೆ ಬಂದ ಹೊಸದರಲ್ಲಿ ಆಯಿ ಬೇಸರಪಟ್ಟುಕೊಂಡಾರೆಂದು ನಾವು ಅಂಜಿದ್ದೆವು. ಅವರು ಬೇಸರಪಡಲಿಲ್ಲ. “ಇದು ಬಾಲಗಂಧರ್ವರಿಗೆ ಅನ್ನ ಹಾಕಿದ ಊರಲ್ಲೇನು?” ಎಂದರು. ಸಯಾಜಿರಾವ ಮಹಾರಾಜರು ಬಾಲಗಂಧರ್ವರ ಮಂಡಳಿಗೆ ಆಶ್ರಯವಿತ್ತಿದ್ದರೆಂಬುದು ಅವರಿಗೆ ಗೊತ್ತಿತ್ತು. ಆ ಸಂಗೀತ ನಾಟಕದ ಬೇರು ಕನ್ನಡ ನೆಲದಲ್ಲಿಯೂ ಇದೆ ಎಂಬ ಅಭಿಮಾನ ಬೇರೆ. ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನ ಮೇಳದವರ ಆಟವನ್ನು ನೋಡಿದ ಮೇಲಲ್ಲವೇ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದ್ದು! 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ ಗುರ್ಲಹೊಸೂರು ನಮ್ಮ ಬೆಳಗಾವಿ ಜಿಲ್ಲೆಯದು. ಹೀಗಾಗಿ ಬಡೋದೆಯ ಗಾಂಧಿ ನಗರಗೃಹದಲ್ಲಿ ಮರಾಠಿ ನಾಟಕ ನೋಡುವಾಗ ಆಯಿಗೆ ಪರಸ್ಥಳದಲ್ಲಿದ್ದೇವೆಂಬ ಭಾವನೆಯೇ ಇರಲಿಲ್ಲ.

ಹಾಡನ್ನು ಮನೆಗೆ ತರುವ ಆಸೆ ಇಂದಿನದಲ್ಲ. ನಮ್ಮ ಹಿರಿಯರ ಮನೆಯಲ್ಲಿ ಕೊಳವೆಯ ಗ್ರಾಮಫೋನಿತ್ತು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ. ರಂಗದ ಮೇಲೆ ಕಾಲು ಗಂಟೆ ಸುಳಿದಾಡುತ್ತಿದ್ದ ಹಾಡು ಅಲ್ಲಿ ಕೈಕಾಲು ಮಡಚಿಕೊಂಡು ಕುಳಿತುಕೊಳ್ಳಬೇಕು. ಆದರೂ ಜನ ಕೊಂಡರು. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿಯವರನ್ನೇ ನೋಡಿರಿ. ಒಬ್ಬರು ಬಾಲಗಂಧರ್ವರ ಮಂಡಳಿಯಲ್ಲಿ ನಟಿಸಿದರು. ಇನ್ನೊಬ್ಬರು ‘ರಾಣಕದೇವಿ’ ಎಂಬ 1946ರ ಗುಜರಾತಿ ಚಿತ್ರದಲ್ಲಿ ಹಾಡಿದರು. ಅಮೀರಬಾಯಿಯವರು ಕನ್ನಡದವರೆಂದು ನಾವು ಹೇಳಿದಾಗ ಅಹಮದಾಬಾದಿನ ನಮ್ಮ ನೆರೆಮನೆಯ ಬಾ ನಂಬಲೇ ಇಲ್ಲ. “ಅವಳು ನಮ್ಮ ಹಳ್ಳಿಯ ಹುಡುಗಿಯಲ್ಲವೇ?” ಎಂದರು. ತಟ್ಟೆಯಲ್ಲಿ ಇಳಿದ ಹಾಡು ಹೋದ ಮನೆಯದೇ ಆಗಿಬಿಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದೆ ಟೇಪು ಬಂದಿತು. ಅದರೊಂದಿಗೆ ದೊಡ್ಡ ಬದಲಾವಣೆಯೂ ಬಂದಿತು. ತಟ್ಟೆಯನ್ನು ಕಂಪನಿಯವರೇ ಮುದ್ರಿಸಬೇಕಾಗಿತ್ತು. ಟೇಪನ್ನು ಯಾರು ಬೇಕಾದರೂ ತುಂಬಿಸಿಕೊಳ್ಳಬಹುದು. ಸೂರತ್ತಿನಲ್ಲಿ ನಮ್ಮ ಓಣಿಯ ತುದಿಗೆ ಉಡುಪಿಯ ಕಡೆಯವರ ಹೋಟೆಲೊಂದಿತ್ತು. ರಾತ್ರಿ ಬಾಗಿಲು ಎಳೆದು, ಪಾತ್ರೆ ತೊಳೆದಾದ ಮೇಲೆ ಹುಡುಗರೆಲ್ಲ ಟೇಪಿನ ಸುತ್ತ ಕೂಡುವರು. ಯಕ್ಷಗಾನ! ಊರಿನ ಬಯಲಾಟದಲ್ಲಿ ರಂಗಸ್ಥಳದ ಮುಂದೆ ಟೇಪು ಇಟ್ಟುಕೊಂಡು ಯಾರೋ ಅಭಿಮಾನಿ ಬೆಳಗಿನವರೆಗೆ ತುಂಬಿದ ಕ್ಯಾಸೆಟ್ಟುಗಳು. ಚಂಡೆಯ ನಡುವೆ ಮಗುವಿನ ಅಳು, ಕಡಲೆ ಮಾರುವವನ ಕೂಗು ಎಲ್ಲವೂ ಅದರಲ್ಲಿ. ಕಾಳಿಂಗ ನಾವಡರ ಕಂಠವನ್ನು ನಾವು ಮೊದಲು ಕೇಳಿದ್ದು ಅಲ್ಲಿ. 1958ರಲ್ಲಿ ಹುಟ್ಟಿದ ಆ ಭಾಗವತರು 1990ರಲ್ಲಿ, 32 ತುಂಬುವ ಮೊದಲೇ, ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ರಾತ್ರಿ ಹೋಟೆಲಿನ ಹುಡುಗರು ಟೇಪು ಹಚ್ಚಲಿಲ್ಲ. ಮರುದಿನ ಹಚ್ಚಿದವರು ಇಡೀ ರಾತ್ರಿ ನಿಲ್ಲಿಸಲಿಲ್ಲ. ಅವರನ್ನು ಕಣ್ಣಾರೆ ನೋಡದ ಎಳೆಯರು ಇಂದಿಗೂ ಅವರ ಪದ್ಯಗಳನ್ನು ಕೇಳಿ ತಲೆದೂಗುತ್ತಾರೆ. ಟೇಪು ಹಿಡಿದು ನಿದ್ದೆಗೆಟ್ಟ ಅಭಿಮಾನಿಗಳ ಋಣ ಅದರಲ್ಲಿ ಎಷ್ಟಿದೆಯೆಂದು ಯೋಚಿಸಬೇಕು.

1982ರ ದಿಲ್ಲಿಯ ಏಷ್ಯಾ ಕ್ರೀಡೆಗಳ ಸಮಯಕ್ಕೆ ಬಣ್ಣದ ದೂರದರ್ಶನ ಬಂದಿತಷ್ಟೆ. ಅದರ ಬೆನ್ನಿಗೇ ವಿ.ಸಿ.ಆರ್. ಒಂದು ರಾತ್ರಿಗೆ ಬಾಡಿಗೆಗೆ ತಂದು ಇಡೀ ಓಣಿಯೇ ನೋಡುವ ಕಾಲವದು. ನಮ್ಮ ಗುಜರಾತಿ ಬಂಧುಗಳು ಈ ವಿಷಯದಲ್ಲಿ ಬಲು ಮುಂದು. ಮುಂಬಯಿಯ ಗುಜರಾತಿ ನಾಟಕಗಳು ಕ್ಯಾಸೆಟ್ಟಿಗೆ ಇಳಿದು, ಅಹಮದಾಬಾದಿನಿಂದ ಲಂಡನ್ನಿನವರೆಗೂ ಮನೆಮನೆಗೆ ಹೋದವು. ಅಂಥದೊಂದನ್ನು ನೋಡಲು ನೆರೆಯವರು ನಮ್ಮನ್ನು ಕರೆದರು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಆಯಿ ಮಾತ್ರ ಕೈಕಟ್ಟಿ ಕುಳಿತಿದ್ದರು. ಮನೆಗೆ ಬಂದ ಮೇಲೆ ಕೇಳಿದರು: “ಪೆಟಿಗ್ಯಾಗಿನ ನಾಟಕಕ್ಕ ಚಪ್ಪಾಳಿ ಹೊಡದ್ರ ಅವರಿಗೆ ಕೇಳಸ್ತದೇನ?”

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾಟಕಗೃಹದಲ್ಲಿ ನಮ್ಮ ಕಣ್ಣು ಸ್ವತಂತ್ರ: ರಾಜನು ಹಾಡುವಾಗ ಮೂಲೆಯ ದಾಸಿಯ ಮುಖವನ್ನು ನೋಡಬಹುದು, ತಬಲಾದವನ ಬೆರಳನ್ನು ನೋಡಬಹುದು. ಪೆಟ್ಟಿಗೆಯಲ್ಲಿ ಕ್ಯಾಮರಾದವನು ತೋರಿಸಿದ್ದೇ ನೋಟ. ಅದಕ್ಕಿಂತ ಹೆಚ್ಚಾಗಿ, ನಾವು ನಕ್ಕರೂ ಅತ್ತರೂ ಅಲ್ಲಿಯ ಆಟ ಕೂದಲೆಳೆಯಷ್ಟೂ ಬದಲಾಗದು. ರಂಗದ ಮೇಲಿನವರಿಗೆ ನಮ್ಮ ಉಸಿರು ತಾಗುತ್ತದೆ. ಅದರಿಂದಲೇ ನಿನ್ನೆಯ ಆಟ ಇಂದಿನದಲ್ಲ.

ಆದರೂ 1988ರಲ್ಲಿ ಸೂರತ್ತಿನ ನಮ್ಮ ಕನ್ನಡ ಬಳಗದವರು ‘ಸದಾರಮೆ’ಯ ಕೆಲವು ಪ್ರವೇಶಗಳನ್ನು ಆಡಿದಾಗ ಅದನ್ನು ಚಿತ್ರಮುದ್ರಿಸಬೇಕೆಂದು ಎಲ್ಲರೂ ಒಮ್ಮತಪಟ್ಟರು. ಹಾರ್ಮೋನಿಯಂ ನುಡಿಸಿ ಹಿಮ್ಮೇಳ ಹಾಡಲು ಗದುಗಿನ ಕಡೆಯಿಂದ ವೃದ್ಧ ಮಾಸ್ತರರೊಬ್ಬರನ್ನು ಕರೆಸಿದ್ದೆವು. ಕಂಪನಿಗಳಲ್ಲಿ ಜೀವ ತೇಯ್ದವರು; ಒಂದು ತಟ್ಟೆಯಲ್ಲಾಗಲಿ ಟೇಪಿನಲ್ಲಾಗಲಿ ಅವರ ದನಿ ಇರಲಿಲ್ಲ. “ನಿಮ್ಮ ಹಾಡು ತುಂಬಿಸಿಕೋಬಹುದೇನ್ರಿ ಮಾಸ್ತರ?” ಎಂದು ಕೇಳಿದೆವು. ಅವರು ನಕ್ಕು, “ಇಷ್ಟ ದಿನಾ ಯಾರೂ ಕೇಳಿರಲಿಲ್ಲ. ತುಂಬಿಸ್ಕೊರ್ರಿ” ಎಂದರು. ಕ್ಯಾಮರಾದವನು ಮದುವೆಗಳಲ್ಲಿ ಪಳಗಿದ ಸೂರತ್ತಿನ ಹುಡುಗ. ಅವನಿಗೆ ಕನ್ನಡವೂ ಬಾರದು, ನಾಟಕವೂ ತಿಳಿಯದು. ಕಳ್ಳನು ಸದಾರಮೆಯೊಡನೆ ಮಾತಾಡುವಾಗ ಆತ ಮುಂದಿನ ಸಾಲಿನ ಹೆಂಗಸರ ಜರತಾರಿ ಸೀರೆಗಳನ್ನು ಒಂದೊಂದಾಗಿ ಚಿತ್ರಿಸಿದನು. ಸೂರತ್ತು ಜರಿಯ ಊರಲ್ಲವೇ! ಮಾಸ್ತರರ ಕೈ ಕಂಡದ್ದು ಎರಡೇ ಸಲ. ದನಿ ಮಾತ್ರ ಮೊದಲಿನಿಂದ ಕೊನೆಯವರೆಗೆ ಇತ್ತು.

ಆ ಕ್ಯಾಸೆಟ್ಟು ಅಡಾಜಣದ ಗೆಳೆಯರ ಮನೆಯ ಕೆಳಗಿನ ಕಪಾಟಿನಲ್ಲಿತ್ತು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟು ತಾಪಿ ಉಕ್ಕಿ ಹರಿದುದು ಸೂರತ್ತಿನವರು ಮರೆಯುವಂಥದಲ್ಲ. ಅಡಾಜಣ, ರಾಂದೇರಗಳಲ್ಲಿ ಕೆಳಗಿನ ಅಂತಸ್ತುಗಳು ಮುಳುಗಿದವು. ಗೆಳೆಯರು ಮಾಳಿಗೆಯ ಮೇಲೆ ದಿನಗಳನ್ನು ಕಳೆದರು. ನೀರಿಳಿದ ಮೇಲೆ ಕಪಾಟು ತೆರೆದರೆ ಎಲ್ಲವೂ ಕೆಸರು. ನಾವು ಅಹಮದಾಬಾದಿನಿಂದ ಹೋಗಿ ಕ್ಯಾಸೆಟ್ಟನ್ನು ತಂದೆವು. ತಿಳಿದವರೊಬ್ಬರು ಎಚ್ಚರಿಸಿದ್ದರು: ಒದ್ದೆಯಾದುದನ್ನು ಯಂತ್ರಕ್ಕೆ ಹಾಕಬೇಡಿರಿ, ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಇಡಬೇಡಿರಿ. ಅವರೇ ಡಬ್ಬಿ ಬಿಚ್ಚಿ, ಪಟ್ಟಿಯನ್ನು ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಹೊಸ ಡಬ್ಬಿಗೆ ಸುತ್ತಿಕೊಟ್ಟರು. ಆಮೇಲೆ ಅದನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸ. ಇದಕ್ಕೆ ಅವಸರದ ದಾರಿಯಿಲ್ಲ. ಎರಡೂವರೆ ಗಂಟೆಯ ಆಟಕ್ಕೆ ಎರಡೂವರೆ ಗಂಟೆಯೇ ಬೇಕು. ನಾವಿಬ್ಬರೂ ಎದುರಿಗೇ ಕುಳಿತೆವು.

ಚಿತ್ರ ಅಲ್ಲಲ್ಲಿ ಹರಿದಿತ್ತು, ಬಣ್ಣ ಹೋಗಿತ್ತು. ದನಿ ಉಳಿದಿತ್ತು. ಮಾಸ್ತರರ ಒಂದು ಹಾಡು ಮುಗಿಯಿತು. ಚಪ್ಪಾಳೆ ಎದ್ದಿತು. ಆ ಗದ್ದಲದ ನಡುವೆ ಒಂದು ಹೆಣ್ಣುದನಿ, ಸ್ವಲ್ಪ ಸೀಳಿದ, ಅಂಜಿಕೆಯಿಲ್ಲದ ದನಿ: “ವನ್ಸ್ ಮೋರ್!” ಆಯಿ ತೀರಿಕೊಂಡು ಆಗಲೇ ಏಳು ವರ್ಷಗಳಾಗಿದ್ದವು. ಅವರ ಭಾವಚಿತ್ರಗಳು ಮನೆಯಲ್ಲಿ ಹಲವಿದ್ದವು. ದನಿ ಎಲ್ಲಿಯೂ ಇರಲಿಲ್ಲ. ಮಾಸ್ತರರು ಕೇಳಿ, ಒಂದು ಕ್ಷಣ ತಡೆದು, ಪಲ್ಲವಿಯನ್ನು ಮತ್ತೆ ಎತ್ತಿಕೊಂಡರು. ನಾವು ಗುಂಡಿ ಒತ್ತಿ ಹಿಂದಕ್ಕೆ ಸರಿಸಲಿಲ್ಲ. ಹಾಗೆಯೇ ಕೊನೆಯವರೆಗೆ ಕೇಳಿದೆವು.

ಪ್ರತಿಯೊಂದನ್ನು ಮಾಸ್ತರರ ಮನೆಗೆ ಕಳಿಸಿದೆವು. ಅವರೂ ಅಷ್ಟರಲ್ಲಿ ಇರಲಿಲ್ಲ. ಮೊಮ್ಮಗನು ದೂರವಾಣಿ ಮಾಡಿ, “ಅಜ್ಜಾ ಹಾಡಿದ್ದು ನಾ ಕೇಳೇ ಇರಲಿಲ್ರಿ. ಮನ್ಯಾಗ ಎಲ್ಲಾರೂ ಕುಂತು ಕೇಳಿದ್ವಿ” ಎಂದನು. ಹೆಚ್ಚು ಮಾತಾಡಲಿಲ್ಲ. ಆಯಿಯ ಪ್ರಶ್ನೆಗೆ ಅರ್ಧ ಉತ್ತರ ನಮಗೆ ಅಂದು ಸಿಕ್ಕಿತು. ಪೆಟ್ಟಿಗೆಯ ಮುಂದೆ ಹೊಡೆದ ಚಪ್ಪಾಳೆ ತಾನಾಗಿ ಕಲಾವಿದರಿಗೆ ಕೇಳಿಸದು. ನಾವು ಹೋಗಿ ಮುಟ್ಟಿಸಬೇಕು.

ಮುಟ್ಟಿಸುವುದು ಹೇಗೆ? ಮೊದಲನೆಯದು, ಕೇಳಿ ಮುದ್ರಿಸುವುದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾನೂನಿಗೆ 1994ರಲ್ಲಿ ತಿದ್ದುಪಡಿಯಾಗಿ, ಆಡುವ ಹಾಡುವ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ದೊರೆತಿದೆ. ಮನೆಯವರು ತಮ್ಮ ಸ್ವಂತ ಉಪಯೋಗಕ್ಕೆ ಮಾಡಿಕೊಂಡ ಮುದ್ರಣವು ಆ ಹಕ್ಕಿಗೆ ಭಂಗವಲ್ಲವೆಂದೂ ಕಾನೂನು ಹೇಳುತ್ತದೆ. ಆದರೆ ಸ್ವಂತ ಉಪಯೋಗವೆಂದರೆ ಊರಿಗೆಲ್ಲ ಹಂಚುವುದಲ್ಲ. ಇಂದು ಎಲ್ಲರ ಕೈಯಲ್ಲೂ ಮೊಬೈಲಿದೆ. ಆಟ ಮುಗಿಯುವುದರೊಳಗೆ ಅರ್ಧ ನಾಟಕ ಲೋಕಸಂಚಾರ ಹೊರಟಿರುತ್ತದೆ. ಹಿಂದೆ ಕುಳಿತವರಿಗೆ ಕಾಣುವುದು ಮುಂದಿನವರ ಕೈಗಳು ಮಾತ್ರ. ಮೇಳದವರು ಬೇಡವೆಂದರೆ ಮೊಬೈಲನ್ನು ಕಿಸೆಯಲ್ಲಿಡೋಣ. ಬೇಕೆಂದರೆ ಒಬ್ಬರು ಒಂದು ಮೂಲೆಯಲ್ಲಿ ನಿಂತು ಚೆನ್ನಾಗಿ ಮುದ್ರಿಸಲಿ. ಒಂದು ಪ್ರತಿ ಮೇಳಕ್ಕೂ ಸಲ್ಲಲಿ.

ಎರಡನೆಯದು, ಮನೆಯಲ್ಲಿ ಇರುವುದನ್ನು ಉಳಿಸುವುದು. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಾರಖಾನೆಯವರಾದ ಜಪಾನಿನ ಫುನಾಯಿಯವರೂ 2016ರಲ್ಲಿ ಅದನ್ನು ನಿಲ್ಲಿಸಿದರು. ಈಗ ಇರುವ ಯಂತ್ರಗಳು ಕೆಟ್ಟವೆಂದರೆ ಕ್ಯಾಸೆಟ್ಟುಗಳು ಮೂಕವೇ. ಮಳೆಗಾಲದ ತೇವಕ್ಕೆ ಪಟ್ಟಿಗೆ ಬೂಸರು ಹಿಡಿಯುತ್ತದೆ. ಆದುದರಿಂದ ಈ ಚಳಿಗಾಲದಲ್ಲಿಯೇ ಅಟ್ಟದ ಪೆಟ್ಟಿಗೆಗಳನ್ನು ಇಳಿಸಿರಿ. ಪ್ರತಿಯೊಂದರ ಮೇಲೆ ನಾಟಕದ ಹೆಸರು, ಊರು, ತಾರೀಖು, ಹಾಡಿದವರು, ಹಾರ್ಮೋನಿಯಂ, ತಬಲಾ ಎಲ್ಲವನ್ನೂ ಬರೆಯಿರಿ. ಹೆಸರಿಲ್ಲದ ದನಿ ಬೇಗ ಅನಾಥವಾಗುತ್ತದೆ. ಪ್ರತಿ ತೆಗೆಸಿದ ಮೇಲೆ ಒಂದು ಅಹಮದಾಬಾದಿನಲ್ಲಿ, ಒಂದು ವಡೋದರದಲ್ಲಿ, ಒಂದು ಸೂರತ್ತಿನಲ್ಲಿ ಇರಲಿ. ಸಾಬರಮತಿ, ವಿಶ್ವಾಮಿತ್ರಿ, ತಾಪಿ ಮೂರೂ ಒಂದೇ ದಿನ ಉಕ್ಕಲಾರವೆಂದು ನಂಬೋಣ.

ಮೂರನೆಯದೇ ಮುಖ್ಯ. ಊರಿನ ಕಡೆಯಿಂದ ಮೇಳವೋ ಮಂಡಳಿಯೋ ಬಂದಾಗ, “ಇದರದ್ದು ಮೊಬೈಲಿನಲ್ಲಿ ಬರುತ್ತದೆ ಬಿಡಿ” ಎನ್ನಬಾರದು. ಪೆಟ್ಟಿಗೆಯ ಹಾಡು ಕೇಳಿ ಬೆಳೆದ ನಮ್ಮ ಮಗಳು ಈಗ ವಡೋದರದಲ್ಲಿದ್ದಾಳೆ. ಗುಜರಾತಿಯಲ್ಲಿ ಕನಸು ಕಾಣುವವಳು. ಆದರೂ ಕನ್ನಡ ನಾಟಕವೆಂದರೆ ರೈಲು ಹತ್ತಿ ಅಹಮದಾಬಾದಿಗೆ ಬರುತ್ತಾಳೆ, ತಿಕೀಟು ಕೊಂಡೇ ಒಳಗೆ ಬರುತ್ತಾಳೆ. ಕ್ಯಾಸೆಟ್ಟು ಅವಳಿಗೆ ನಾಟಕವನ್ನು ಮರೆಸಲಿಲ್ಲ, ಹಸಿವನ್ನು ಹುಟ್ಟಿಸಿತು. ಅಂಥ ಮಕ್ಕಳು ನಮ್ಮ ಬಳಗಗಳಲ್ಲಿ ಇನ್ನೂ ಇದ್ದಾರೆ. ಬರುವ ರಾಜ್ಯೋತ್ಸವಕ್ಕೆ ಮೂರೂ ಊರಿನವರು ಕೂಡಿ ಒಂದು ಮಂಡಳಿಯನ್ನು ಕರೆಸುವ ವಿಚಾರವನ್ನು ಬಳಗದ ಮುಂದಿಡುತ್ತಿದ್ದೇವೆ. ಖರ್ಚಿಗೆ ನಮ್ಮ ಪಾಲನ್ನು ಮೊದಲೇ ಕೊಡಲು ಸಿದ್ಧರಿದ್ದೇವೆ.