ಅಗ್ನಿಯ ಕ್ರಮ

ಅಗ್ನಿಗೆ ವೇದದಲ್ಲಿ ಗೃಹಪತಿಯೆಂಬ ಹೆಸರುಂಟು. ಆ ಯಜಮಾನನ ಮರ್ಯಾದೆಯನ್ನು ನಾವು ಮುಪ್ಪಿನಲ್ಲಿ ಕಲಿಯಬೇಕಾಯಿತು.

ಕಳೆದ ವರ್ಷ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿ, ನೇಕಾರ ಮಿತ್ರರೊಬ್ಬರ ಮನೆಯಲ್ಲಿ ತಂಗಿದ್ದೆವು. ರೇಷ್ಮೆಗೆ ಬಣ್ಣ ಹಾಕುವ ಹಂಡೆಯನ್ನು ಅವರು ಗ್ಯಾಸಿನ ದೊಡ್ಡ ಒಲೆಯ ಮೇಲಿಡುವರು. ನೆರವಾಗಲೆಳಸಿದ ನಾವು ಮೊದಲು ತಿರುಪನ್ನು ತಿರುಗಿಸಿ, ಬಳಿಕ ಬೆಂಕಿಪೊಟ್ಟಣವನ್ನು ಹುಡುಕಿದೆವು. ಕಡ್ಡಿ ಗೀರಿದೊಡನೆ ಭುಗ್ಗೆಂದೆದ್ದ ಜ್ವಾಲೆಗೆ ನಮ್ಮ ಹುಬ್ಬುಗಳು ಆಹುತಿಯಾದುವು.

“ಮೇಷ್ಟ್ರೇ, ಮೊದ್ಲು ಬೆಂಕಿ, ಆಮೇಲೆ ಗ್ಯಾಸು” ಎಂದರು ಮಿತ್ರರ ಪತ್ನಿ. ಮಂತ್ರವನ್ನು ಬಲ್ಲ ನಾವು ಕ್ರಮವನ್ನು ಮರೆತಿದ್ದೆವು. ಅಗ್ನಿ ಪ್ರಜ್ವಲಿಸಿದ ಮೇಲಲ್ಲವೆ ಹವಿಸ್ಸು!

ಈ ಅನಿಲವು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುವುದು. ಉರಿ ಆರಿಹೋದರೆ ಕೂಡಲೆ ಕಡ್ಡಿ ಗೀರಬಾರದು. ತಿರುಪನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ವಾಸನೆ ಅಡಗುವವರೆಗೆ ಕಾಯಬೇಕು. ದೀಪದ ಸ್ವಿಚ್ಚನ್ನೂ ಮುಟ್ಟಬಾರದು. ವಾಸನೆ ನಿಲ್ಲದಿದ್ದರೆ ಹೊರಗೆ ಬಂದು 1906ಕ್ಕೆ ಫೋನು ಮಾಡಬೇಕು. ಉರಿ ಆರಿದರೆ ಅನಿಲವನ್ನು ತಾನೇ ತಡೆಯುವ ಕೀಲುಳ್ಳ ಒಲೆಗಳೂ ಉಂಟು. ದೊಡ್ಡ ಒಲೆಯ ರೆಗ್ಯುಲೇಟರನ್ನು ಅಡಿಗೆಯ ಒಲೆಗೆ ಎಂದಿಗೂ ಜೋಡಿಸಬಾರದು. ಅದರ ಒತ್ತಡವು ಹೆಚ್ಚು.

ನಮ್ಮ ಹುಬ್ಬುಗಳು ಮರಳಿ ಬೆಳೆದಿವೆ. ಎಲ್ಲರಿಗೂ ಈ ಪಾಠವು ಇಷ್ಟು ಅಲ್ಪ ದಕ್ಷಿಣೆಗೆ ದೊರೆಯುವುದಿಲ್ಲ.