ಗಾಳಿಬಂದೂಕಿನ ಶ್ರುತಿ

ಗಾಳಿಬಂದೂಕು ಎಂದೊಡನೆ ಕನ್ನಡ ನಾಡಿನವರ ಕಣ್ಣಮುಂದೆ ನಿಲ್ಲುವುದು ಜಾತ್ರೆಯ ಬಲೂನಿನ ಅಂಗಡಿ. ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನುಗಳು, ಅವುಗಳೆದುರು ನಡು ಬಗ್ಗಿಸಿ ಗುಂಡು ತುಂಬುವ ಹಳೆಯ ಬಂದೂಕು, 'ಬನ್ನಿ ಸ್ವಾಮೀ, ಒಂದು ಗುರಿ ನೋಡಿ' ಎಂದು ಕರೆಯುವ ಅಂಗಡಿಯಾತ. ಗುರಿ ತಪ್ಪಿದವರೆಲ್ಲರೂ, ನಳಿಗೆಯನ್ನು ಅವನೇ ಬೇಕೆಂದು ಸೊಟ್ಟಗೆ ಮಾಡಿಸಿದ್ದಾನೆಂದು ನಂಬಿ ಸಮಾಧಾನ ಹೊಂದುವುದು ಹಿಂದಿನಿಂದ ನಡೆದುಬಂದ ಸಂಪ್ರದಾಯ. ಆ ಬಂದೂಕಿಗೂ, ಈಚಿನ ವರ್ಷಗಳಲ್ಲಿ ಅಮೆರಿಕದ ಪಶ್ಚಿಮ ಸೀಮೆಯ ಹುಲ್ಲುಗಾವಲಿನಲ್ಲಿ ನೂರು ಗಜ ದೂರದ ನೆಲ-ಅಳಿಲಿಗೆ ಗುರಿಯಿಡುವ ಬಂದೂಕಿಗೂ ಹೆಸರೊಂದನ್ನು ಬಿಟ್ಟರೆ ನಂಟು ಕಡಿಮೆ. ಜಾತ್ರೆಯ ಬಂದೂಕಿನಲ್ಲಿ ಪ್ರತಿ ಸಲವೂ ಸ್ಪ್ರಿಂಗೊಂದು ಪಿಸ್ಟನ್ನನ್ನು ತಳ್ಳಿ ಗಾಳಿಯನ್ನು ಅದುಮುತ್ತದೆ. ಇನ್ನೊಂದರಲ್ಲಿ ಗಾಳಿ ಮೊದಲೇ ಉಕ್ಕಿನ ಕೊಳವೆಯಲ್ಲೋ ಸೀಸೆಯಲ್ಲೋ ಅಡಗಿ ಕುಳಿತಿರುತ್ತದೆ. ಕಾರಿನ ಚಕ್ರದೊಳಗಿನ ಗಾಳಿಗಿಂತ ನೂರು ಪಟ್ಟು ಒತ್ತಡದಲ್ಲಿ.

ಇದೇನೂ ಹೊಸ ಉಪಾಯವಲ್ಲ. ೧೭೮೦ರ ಸುಮಾರಿನಲ್ಲಿ ಆಸ್ಟ್ರಿಯದ ಸೈನ್ಯವು ಬಾರ್ತೊಲೊಮಿಯೊ ಗಿರಾರ್ಡೋನಿ ಎಂಬಾತ ರಚಿಸಿದ ಗಾಳಿಬಂದೂಕನ್ನು ತನ್ನ ಕೆಲವು ಪಡೆಗಳಿಗೆ ಕೊಟ್ಟಿತ್ತು. ಅದರ ಬುಡದಲ್ಲಿದ್ದ ಗಾಳಿಯ ಬುರುಡೆಯನ್ನು ತುಂಬಲು ಪಂಪನ್ನು ಸುಮಾರು ೧,೫೦೦ ಸಲ ಒತ್ತಬೇಕಾಗಿತ್ತು. ಯುದ್ಧಕ್ಕೆ ಹೊರಟ ಸಿಪಾಯಿಯ ಶೌರ್ಯವೆಲ್ಲ ಪಂಪಿನ ಮೇಲೆಯೇ ಸೋರಿಹೋಗುತ್ತಿದ್ದಿರಬೇಕು! ೧೮೦೩ರಲ್ಲಿ ಅಮೆರಿಕದ ಪಶ್ಚಿಮವನ್ನು ಶೋಧಿಸಲು ಹೊರಟ ಮೆರಿವೆದರ್ ಲೂಯಿಸನೂ ಒಂದು ಗಾಳಿಬಂದೂಕನ್ನು ಕೊಂಡೊಯ್ದಿದ್ದನು. ಹೊಗೆಯಿಲ್ಲದೆ, ಕಿಡಿಯಿಲ್ಲದೆ ಗುಂಡು ಹಾರುವುದನ್ನು ಕಂಡು ದಾರಿಯಲ್ಲಿ ಸಿಕ್ಕಿದ ಮೂಲನಿವಾಸಿಗಳು ಬೆರಗಾದುದನ್ನು ಆ ಪ್ರವಾಸದ ದಿನಚರಿಗಳು ಹೇಳುತ್ತವೆ.

ಗಾಳಿಯ ಒತ್ತಡವೇನೋ ಸಿಕ್ಕಿತು. ಕೀಲಿರುವುದು ಗುಂಡಿನಲ್ಲಿ.

ಗಾಳಿಬಂದೂಕಿನ ಸಾಮಾನ್ಯ ಗುಂಡಿಗೆ ಪೆಲೆಟ್ ಎಂದು ಹೆಸರು. ಡಮರುಗದಂತೆ ನಡು ಸಣ್ಣಗಾಗಿ, ಹಿಂಭಾಗ ಲಂಗದಂತೆ ಅರಳಿ ಟೊಳ್ಳಾಗಿರುವ ಸೀಸದ ಬೊಂಬೆ ಅದು. ಭಾರವೆಲ್ಲ ತಲೆಯಲ್ಲಿ, ಬಾಲಕ್ಕೆ ಗಾಳಿ ತಡೆಯೊಡ್ಡುತ್ತದೆ. ಆದುದರಿಂದ ಷಟಲ್ ಆಟದ ಗರಿಚೆಂಡಿನಂತೆ, ಹೇಗೆ ಹೊಡೆದರೂ ತಲೆ ಮುಂದಾಗಿಯೇ ಸಾಗುವ ವಿಧೇಯತೆ ಅದಕ್ಕೆ ಹುಟ್ಟುಗುಣ. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಚಿನ್ನ ತಂದದ್ದು ಇಂಥ ಪೆಲೆಟ್ಟಿನಿಂದಲೇ, ಹತ್ತು ಮೀಟರ್ ದೂರದ ಗುರಿಯ ಮೇಲೆ. ಆ ದೂರಕ್ಕೆ ಅದಕ್ಕಿಂತ ಒಳ್ಳೆಯ ಗುಂಡು ಬೇಕಾಗಿಯೇ ಇಲ್ಲ. ಆದರೆ ಗರಿಚೆಂಡಿನ ವಿಧೇಯತೆಗೆ ಬೆಲೆ ತೆರಬೇಕಲ್ಲವೆ? ಗಾಳಿಯ ತಡೆಯೇ ಅದರ ಅಂಕುಶವಾದ್ದರಿಂದ ವೇಗ ಬಲುಬೇಗ ಕುಂದುತ್ತದೆ. ಐವತ್ತು ಗಜ ದಾಟಿದ ಮೇಲೆ ಎಲೆ ಅಲುಗಿಸುವಷ್ಟು ಗಾಳಿ ಬೀಸಿದರೂ ಪೆಲೆಟ್ಟು ಪಕ್ಕಕ್ಕೆ ತೇಲುತ್ತದೆ.

ಸ್ಲಗ್ ಎಂಬುದು ಬೇರೆಯ ಜಾತಿ. ಅದಕ್ಕೆ ನಡುವಿಲ್ಲ, ಲಂಗವಿಲ್ಲ. ಮದ್ದಿನ ಬಂದೂಕಿನ ಗುಂಡಿನಂತೆ ನೇರ ಮೈಯ, ಗಟ್ಟಿ ಸೀಸದ ತುಂಡು. ಗಾಳಿಯನ್ನು ಸೀಳುವುದರಲ್ಲಿ ಅದು ಪೆಲೆಟ್ಟಿಗಿಂತ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಸಮರ್ಥ. ಆದರೆ ತನ್ನಷ್ಟಕ್ಕೆ ತಾನೇ ನೆಟ್ಟಗೆ ಹೋಗುವ ಗುಣ ಅದರಲ್ಲಿ ಎಳ್ಳಷ್ಟೂ ಇಲ್ಲ. ಬುಗುರಿಯು ತಿರುಗುತ್ತಿರುವಷ್ಟು ಹೊತ್ತು ನಿಲ್ಲುವಂತೆ, ಸ್ಲಗ್ಗು ತಿರುಗುವುದರಿಂದಲೇ ನೆಟ್ಟಗಿರಬೇಕು. ನಳಿಗೆಯೊಳಗೆ ಕೊರೆದ ಸುರುಳಿಗೀರುಗಳು ಈ ತಿರುಗನ್ನು ಕೊಡುತ್ತವೆ. ಹದಿನಾರು ಅಂಗುಲಕ್ಕೆ ಒಂದು ಸುತ್ತಿನ ಸುರುಳಿಯಿರುವ ನಳಿಗೆಯಿಂದ ಸೆಕೆಂಡಿಗೆ ೯೦೦ ಅಡಿ ವೇಗದಲ್ಲಿ ಹೊರಬಿದ್ದ ಗುಂಡು ಒಂದು ಸೆಕೆಂಡಿಗೆ ೬೭೫ ಸುತ್ತು ತಿರುಗುತ್ತಿರುತ್ತದೆ. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಿರಬೇಕು. ಇದಕ್ಕೆ ವುಲಿಚ್‌ನಲ್ಲಿ ಗಣಿತ ಬೋಧಿಸುತ್ತಿದ್ದ ಗ್ರೀನ್‌ಹಿಲ್ ಎಂಬ ಪಂಡಿತನು ೧೮೭೯ರಲ್ಲಿಯೇ ಸೂತ್ರ ಬರೆದಿಟ್ಟಿದ್ದಾನೆ.

ಗುಂಡಿನ ತಿರುಗಿನ ವಿಚಾರ ಬಂದಾಗ ಬೆಂಜಮಿನ್ ರಾಬಿನ್ಸನನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ೧೭೪೨ರಲ್ಲಿ ಫಿರಂಗಿ ಬಂದೂಕುಗಳ ಶಾಸ್ತ್ರದ ಮೇಲೆ ಗ್ರಂಥ ಬರೆದ ಈ ಆಂಗ್ಲ ಗಣಿತಜ್ಞನು, ಭಾರವಾದ ಲೋಲಕವೊಂದಕ್ಕೆ ಗುಂಡು ಹೊಡೆದು, ಅದು ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಿದನು. ಅದುವರೆಗೆ ಊಹೆಯಾಗಿದ್ದ ಸಂಗತಿ ಅಂದಿನಿಂದ ಅಳತೆಗೆ ಸಿಕ್ಕಿತು. ಬಂದೂಕಿನ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ ಹೊಡೆದು, ಗುಂಡು ಮೊದಲು ಎಡಕ್ಕೆ ಹೋಗಿ ಆಮೇಲೆ ಬಲಕ್ಕೆ ತಿರುಗುವುದನ್ನು ತೋರಿಸಿದವನೂ ಅವನೇ. ಬಾಗಿದ ನಳಿಗೆಯ ಗೋಡೆಗೆ ಉಜ್ಜಿ ತಿರುಗಿದ ಗುಂಡಿನ ದಾರಿಯನ್ನು ಆ ತಿರುಗೇ ಬಾಗಿಸುತ್ತದೆಂಬುದು ಅವನ ವಾದ. ಬಲೂನಿನ ಅಂಗಡಿಯಾತನನ್ನು ಶಂಕಿಸುವವರು ಇದನ್ನು ಗಮನಿಸಬಹುದು. ಈ ಮಹಾನುಭಾವನು ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ದುರಸ್ತಿ ಮಾಡಿಸಲೆಂದು ತೆಂಕಣ ಭಾರತಕ್ಕೆ ಬಂದು, ೧೭೫೧ರ ಜುಲೈ ತಿಂಗಳಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನು. ಆಗ ಅವನಿಗೆ ನಲವತ್ತನಾಲ್ಕು ವರ್ಷ.

ರಾಬಿನ್ಸನ ಲೋಲಕದ ಕೆಲಸವನ್ನು ಇಂದು ಕ್ರೋನೋಗ್ರಾಫ್ ಎಂಬ ಅಂಗೈಯಗಲದ ಪೆಟ್ಟಿಗೆ ಮಾಡುತ್ತದೆ. ಅದೊಂದು, ದಿನಚರಿಯ ಪುಸ್ತಕವೊಂದು, ಅಲೆನ್ ಕೀಲಿಗಳ ಗೊಂಚಲೊಂದು. ಸ್ಲಗ್ಗು ಹೊಡೆಯಬೇಕೆಂದು ಹೊರಟ ಹವ್ಯಾಸಿಗೆ ಇವೇ ಸಾಧನಗಳು. ಅವನು ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಟ್ಯೂನ್ ಮಾಡುವುದೆಂದು ಹೆಸರು. ಕನ್ನಡದಲ್ಲಿ ಶ್ರುತಿಗೂಡಿಸುವುದೆಂದರೆ ಯಾರೂ ಆಕ್ಷೇಪಿಸಲಾರರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗಿರುವ ಜೀವಾಳಿಯ ಎಳೆಯನ್ನು ಕೂದಲಷ್ಟು ಸರಿಸಿದಾಗ ನಾದವೇ ಬೇರೆಯಾಗುವುದನ್ನು ಬಲ್ಲವರು ಈ ಕೆಲಸದ ಸ್ವರೂಪವನ್ನೂ ಬಲ್ಲರು. ತಂಬೂರಿಗೂ ಕುದುರೆಯುಂಟು, ಬಂದೂಕಿಗೂ ಕುದುರೆಯುಂಟು ಎಂಬುದು ಕನ್ನಡದ ಪುಣ್ಯ.

ಮೊದಲನೆಯದಾಗಿ ನಳಿಗೆಗೂ ಸ್ಲಗ್ಗಿಗೂ ಸಂಬಂಧ ಕೂಡಬೇಕು. ೫.೫ ಮಿಲಿಮೀಟರ್ ಬಂದೂಕಿಗೆಂದು ಮಾರುವ ಸ್ಲಗ್ಗುಗಳು ೦.೨೧೬, ೦.೨೧೭, ೦.೨೧೮ ಅಂಗುಲ ಎಂದು ಬೇರೆಬೇರೆ ಡಬ್ಬಿಗಳಲ್ಲಿ ಬರುತ್ತವೆ. ಅವುಗಳ ನಡುವಣ ಅಂತರ ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲು. ಪೆಲೆಟ್ಟಾದರೆ ತನ್ನ ತೆಳುವಾದ ಲಂಗವನ್ನು ಅರಳಿಸಿಯೋ ಮುದುರಿಯೋ ಯಾವ ನಳಿಗೆಗಾದರೂ ಹೊಂದಿಕೊಳ್ಳುತ್ತದೆ. ಸ್ಲಗ್ಗಿಗೆ ಆ ದಾಕ್ಷಿಣ್ಯವಿಲ್ಲ. ಸಡಿಲವಾದರೆ ಗೀರುಗಳನ್ನು ಹಿಡಿಯದೆ ಗಾಳಿ ಪಕ್ಕದಿಂದ ನುಸುಳುತ್ತದೆ. ಬಿಗಿಯಾದರೆ ವೇಗ ಕುಂದುತ್ತದೆ, ಒಳಗೆ ಸೀಸ ಮೆತ್ತಿಕೊಳ್ಳುತ್ತದೆ. ಹವ್ಯಾಸಿಯು ಒಂದು ಸ್ಲಗ್ಗನ್ನು ಕಡ್ಡಿಯಿಂದ ಮೆಲ್ಲನೆ ನಳಿಗೆಯುದ್ದಕ್ಕೂ ತಳ್ಳಿ, ಹೊರಗೆ ಬಂದದ್ದನ್ನು ಭೂತಗನ್ನಡಿಯಲ್ಲಿ ನೋಡುತ್ತಾನೆ. ಗೀರುಗಳು ಸುತ್ತಲೂ ಸಮನಾಗಿ ಮೂಡಿವೆಯೇ? ಗುಂಡು ತುಂಬುವ ಬಾಯಲ್ಲಿ ಒಂದು ಪಕ್ಕ ಹೆರೆದುಹೋಗಿದೆಯೇ? ಪೆಲೆಟ್ಟಿಗೆಂದೇ ಮಾಡಿದ ಎಷ್ಟೋ ನಳಿಗೆಗಳ ತುದಿ ಒಳಗೆ ಕೊಂಚ ಕಿರಿದಾಗಿರುತ್ತದೆ. ಪೆಲೆಟ್ಟಿಗೆ ಅದು ಉಪಕಾರಿ. ಉದ್ದ ಮೈಯ ಸ್ಲಗ್ಗಿಗೆ ಅನೇಕ ವೇಳೆ ಕಂಟಕ. ಅಂಥ ನಳಿಗೆಯೊಡನೆ ಆರು ತಿಂಗಳು ಗುದ್ದಾಡುವುದಕ್ಕಿಂತ ಬೇರೆ ನಳಿಗೆ ಹಾಕಿಸುವುದು ಜಾಣತನ. ಆದರೆ ಜಾಣತನ ಸಾಮಾನ್ಯವಾಗಿ ಏಳನೆಯ ತಿಂಗಳಲ್ಲಿ ಬರುತ್ತದೆ.

ಎರಡನೆಯದು ಗಾಳಿಯ ಲೆಕ್ಕ. ದೊಡ್ಡ ಒತ್ತಡದ ಗಾಳಿಯನ್ನು ರೆಗ್ಯುಲೇಟರ್ ಎಂಬ ಅಂಗವು ಗೊತ್ತಾದ ಒಂದು ಮಟ್ಟಕ್ಕೆ ಇಳಿಸಿ ಕವಾಟದ ಹಿಂದೆ ನಿಲ್ಲಿಸುತ್ತದೆ. ಕುದುರೆಯೆಳೆದಾಗ ಸುತ್ತಿಗೆಯೊಂದು ಸ್ಪ್ರಿಂಗಿನ ಬಲದಿಂದ ನುಗ್ಗಿ ಕವಾಟವನ್ನು ಬಡಿಯುತ್ತದೆ. ಕವಾಟ ಕ್ಷಣಾರ್ಧದ ಸಾವಿರದೊಂದಂಶ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ನುಗ್ಗಿದ ಗಾಳಿಯೇ ಗುಂಡಿನ ಭಾಗ್ಯ. ಸುತ್ತಿಗೆಯ ಸ್ಪ್ರಿಂಗನ್ನು ಬಿಗಿ ಮಾಡುತ್ತ ಹೋದಂತೆ ವೇಗ ಏರುತ್ತದೆ. ಏರಿ, ಒಂದು ಕಡೆ ನಿಂತುಬಿಡುತ್ತದೆ. ಅದರಾಚೆ ಎಷ್ಟು ಬಿಗಿದರೂ ಗಾಳಿ ವ್ಯರ್ಥವಾಗುತ್ತದೆ, ಸದ್ದು ಜೋರಾಗುತ್ತದೆಯೇ ಹೊರತು ಗುಂಡಿಗೆ ಲಾಭವಿಲ್ಲ. ಇಲ್ಲಿಯೇ ಹೊಸಬನು ಮೋಸಹೋಗುವುದು. ಅವನು ಸದ್ದನ್ನು ಶಕ್ತಿಯೆಂದು ಭ್ರಮಿಸಿ ಆ ಶಿಖರದಲ್ಲಿಯೇ ಕುಳಿತಿರುತ್ತಾನೆ. ತಿಳಿದವನು ಸ್ಪ್ರಿಂಗನ್ನು ಸಡಿಲಿಸಿ ಕೆಳಗಿಳಿಯುತ್ತಾನೆ. ೨೫ ಗ್ರೇನ್ ತೂಕದ, ಎಂದರೆ ಒಂದೂವರೆ ಗ್ರಾಮಿಗೆ ಸ್ವಲ್ಪ ಮೇಲ್ಪಟ್ಟ ಸ್ಲಗ್ಗು ಸೆಕೆಂಡಿಗೆ ೯೫೦ ಅಡಿಯಲ್ಲಿ ನಿಂತಿತೆಂದರೆ, ಅದನ್ನು ನೂರಕ್ಕೆ ಮೂರರಷ್ಟು ತಗ್ಗಿಸಿ ೯೨೦ರ ಆಸುಪಾಸಿಗೆ ತರುತ್ತಾನೆ. ಆ ಹಂತದಲ್ಲಿ ಸುತ್ತಿಗೆಯೂ ಗಾಳಿಯೂ ಒಂದನ್ನೊಂದು ಸರಿದೂಗಿಸುತ್ತವೆ. ಒಂದು ಗುಂಡಿನಂತೆ ಇನ್ನೊಂದು ಹೊರಡುತ್ತದೆ.

ಈ ಸಮತ್ವಕ್ಕೆ ಇಷ್ಟು ಪಾಡೇಕೆಂದು ಕೇಳಬಹುದು. ಹತ್ತು ಗುಂಡುಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಸೆಕೆಂಡಿಗೆ ೨೦ ಅಡಿ ಅಂತರವಿದ್ದರೆ, ನೂರು ಗಜದಲ್ಲಿ ಅವು ಒಂದರ ಕೆಳಗೊಂದು ಸುಮಾರು ಒಂದಂಗುಲ ದೂರ ಬೀಳುತ್ತವೆ. ಕೈ ಎಷ್ಟೇ ಸ್ಥಿರವಾಗಿರಲಿ, ಕಣ್ಣು ಎಷ್ಟೇ ಚುರುಕಾಗಿರಲಿ, ಆ ಒಂದಂಗುಲವನ್ನು ಯಾರೂ ತಿದ್ದಲಾರರು. ರೆಗ್ಯುಲೇಟರಿಗೂ ಒಂದು ಕಳ್ಳಬುದ್ಧಿಯುಂಟು. ರಾತ್ರಿಯೆಲ್ಲ ಸುಮ್ಮನಿದ್ದಾಗ ಅದರ ಹಿಂದಿನ ಒತ್ತಡ ಮೆಲ್ಲಗೆ ಏರಿಕೊಂಡಿರುತ್ತದೆ. ಬೆಳಗಿನ ಮೊದಲ ಗುಂಡು ಮಾತ್ರ ಬೇರೆ ಕಡೆ ಬೀಳುತ್ತದೆ. ಉಳಿದ ಒಂಬತ್ತು ಸಾಧುಗಳಂತೆ ಒಂದೆಡೆ ಸೇರುತ್ತವೆ. ಪೂರ್ವಾಹ್ನವೆಲ್ಲ ಗಾಳಿಯನ್ನೋ ತನ್ನ ಹೆಗಲನ್ನೋ ಬಯ್ದುಕೊಂಡು ಕಳೆದ ಮೇಲೆ ಈ ಕಳ್ಳ ಸಿಕ್ಕಿಬೀಳುತ್ತಾನೆ.

ಸರಿ, ವೇಗ ಸಮನಾಯಿತು. ಆದರೂ ಕಾಗದದ ಮೇಲೆ ತೂತುಗಳು ಹತ್ತಿರ ಬರುವುದಿಲ್ಲ. ಆಗ ವೇಗವನ್ನೇ ಇಪ್ಪತ್ತು ಇಪ್ಪತ್ತು ಅಡಿ ಏರಿಸಿ ಇಳಿಸಿ ನೋಡಬೇಕು. ಒಂದೊಂದು ನಳಿಗೆಗೂ ತನಗೆ ಒಗ್ಗುವ ಒಂದು ವೇಗವಿರುತ್ತದೆ. ಮೇಲಕ್ಕೂ ಮಿತಿಯುಂಟು: ಶಬ್ದದ ವೇಗ ೧,೧೦೦ ಅಡಿಗೆ ಮಿಕ್ಕಿದ್ದು, ಅದರ ಸಮೀಪಕ್ಕೆ ಹೋದ ಗುಂಡನ್ನು ಗಾಳಿಯ ಅಲೆ ಅಲುಗಾಡಿಸುತ್ತದೆ. ಇಷ್ಟೆಲ್ಲದರಲ್ಲಿ ಒಂದೇ ನೇಮ. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಸ್ಪ್ರಿಂಗು, ಒತ್ತಡ, ಸ್ಲಗ್ಗು ಮೂರನ್ನೂ ಒಂದೇ ಸಂಜೆ ತಿರುಗಿಸಿದವನಿಗೆ ಕೊನೆಗೆ ಬಂದೂಕು ಸುಧಾರಿಸಿದರೂ ಯಾವುದರಿಂದ ಸುಧಾರಿಸಿತೆಂದು ತಿಳಿಯದು. ಒಗ್ಗರಣೆ, ಉಪ್ಪು, ಹುಳಿ ಮೂರನ್ನೂ ಒಟ್ಟಿಗೆ ಹೆಚ್ಚಿಸಿ ಸಾರು ರುಚಿಯಾಯಿತೆಂದು ಹಿಗ್ಗುವ ಹೊಸ ಅಡಿಗೆಯವನಂತೆ, ಮರುದಿನ ಅದೇ ಸಾರು ಅವನಿಗೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಅದು ಬಂದೂಕಿನಲ್ಲಿಲ್ಲ, ಜೇಬಿನಲ್ಲಿದೆ. ಮೂರು ಗುಂಡು ಹೊಡೆದಾಗ ಅವು ಮೂರೂ ಒಂದೇ ತೂತಿನಲ್ಲಿ ಬೀಳುವುದು ಕೆಟ್ಟ ಬಂದೂಕಿನಲ್ಲಿಯೂ ಆಗೀಗ ಸಂಭವಿಸುತ್ತದೆ. ಹವ್ಯಾಸಿಯು ಆ ಕಾಗದವನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಸ್ನೇಹಿತರಿಗೆ ತೋರಿಸುತ್ತ ತಿರುಗುತ್ತಾನೆ. ಚದುರಿಬಿದ್ದ ಹನ್ನೊಂದು ಕಾಗದಗಳು ಒಲೆಗೆ ಹೋಗಿರುತ್ತವೆ. ಬರಬರುತ್ತ ಜೇಬಿನ ಕಾಗದವೇ ತನ್ನ ಬಂದೂಕಿನ ನಿಜವಾದ ಜಾತಕವೆಂದು ಅವನು ನಂಬತೊಡಗುತ್ತಾನೆ. ಬರಿಯ ಕಾಗದಕ್ಕೆ ಹೊಡೆಯುವವನಾದರೆ ಈ ನಂಬಿಕೆಯಿಂದ ಯಾರಿಗೂ ನಷ್ಟವಿಲ್ಲ. ಹೊಲದಲ್ಲಿ ಹಾಗಲ್ಲ. ಬೆಳೆ ಹಾಳುಮಾಡುವ ನೆಲ-ಅಳಿಲಿರಲಿ, ಇಂಗ್ಲೆಂಡಿನ ಮೊಲವಿರಲಿ, ಒಂದೇ ಪೆಟ್ಟಿಗೆ ನೋವಿಲ್ಲದೆ ಸಾಯಬೇಕಾದರೆ ಗುಂಡು ಎರಡು ಬೆರಳಗಲದ ಜಾಗದೊಳಗೆ ಬೀಳಬೇಕು. ಹತ್ತು ಗುಂಡುಗಳನ್ನು ನಾಲ್ಕು ಬೆರಳಗಲದಲ್ಲಿ ಚೆಲ್ಲುವ ಬಂದೂಕು ದೂರದಿಂದ ಕೊಲ್ಲುವುದಕ್ಕಿಂತ ಹೆಚ್ಚಾಗಿ ಗಾಯಗೊಳಿಸುತ್ತದೆ. ಗಾಯಗೊಂಡ ಪ್ರಾಣಿ ಬಿಲದೊಳಗೆ ಹೊಕ್ಕು ಸಾಯುವುದನ್ನು ಯಾವ ದುರ್ಬೀನೂ ತೋರಿಸುವುದಿಲ್ಲ. ಪೆಲೆಟ್ಟಿನ ಕಾಲದಲ್ಲಿ ಅದರ ದೌರ್ಬಲ್ಯವೇ ಒಂದು ಅಂಕೆಯಾಗಿತ್ತು. ಅಷ್ಟು ದೂರಕ್ಕೆ ಹೊಡೆಯುವ ಆಸೆಯೇ ಹುಟ್ಟುತ್ತಿರಲಿಲ್ಲ. ಸ್ಲಗ್ಗು ಆಸೆಯನ್ನು ಹುಟ್ಟಿಸುತ್ತದೆ. ಗುರಿ ತಪ್ಪಿದ ಮೇಲೂ ಅದು ಬಲದೊಡನೆಯೇ ಮುಂದೆ ಸಾಗುವುದರಿಂದ, ಗುರಿಯ ಹಿಂದೆ ಮಣ್ಣಿನ ದಿಬ್ಬವಿದೆಯೋ ನೆರೆಯವನ ದನದ ಕೊಟ್ಟಿಗೆಯಿದೆಯೋ ಎಂಬ ವಿಚಾರವೂ ಕೂಡಿಕೊಳ್ಳುತ್ತದೆ.

ಕಾನೂನುಗಳು ಇದನ್ನು ಕಂಡಿವೆ. ಇಂಗ್ಲೆಂಡಿನಲ್ಲಿ ೧೨ ಅಡಿ-ಪೌಂಡು ಶಕ್ತಿ ಮೀರಿದ ಗಾಳಿರೈಫಲಿಗೆ ಮದ್ದಿನ ಬಂದೂಕಿನಂತೆಯೇ ಪರವಾನಗಿ ಬೇಕು. ಮೇಲೆ ಹೇಳಿದ ೨೫ ಗ್ರೇನಿನ ಸ್ಲಗ್ಗು ೯೦೦ ಅಡಿ ವೇಗದಲ್ಲಿ ೪೫ ಅಡಿ-ಪೌಂಡು ಹೊತ್ತಿರುತ್ತದೆ. ಭಾರತದಲ್ಲಿ ೨೦೧೬ರ ಆಯುಧ ನಿಯಮಗಳು ೨೦ ಜೌಲ್ ದಾಟಿದ ಗಾಳಿಬಂದೂಕಿಗೆ ಪರವಾನಗಿ ಕೇಳುತ್ತವೆ, ಎಂದರೆ ಸುಮಾರು ೧೫ ಅಡಿ-ಪೌಂಡು. ಕಾಡುಪ್ರಾಣಿಗಳ ಬೇಟೆಯನ್ನಂತೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಆದರೆ ನೂರು ಗಜಕ್ಕೆ ಹೊಡೆಯಬೇಕೋ, ನಲವತ್ತಕ್ಕೆ ನಡೆದು ಹತ್ತಿರವಾಗಬೇಕೋ ಎಂಬ ತೀರ್ಮಾನ ಯಾವ ಕಾಯಿದೆಯಲ್ಲಿಯೂ ಇಲ್ಲ. ಹತ್ತು ಗುಂಡುಗಳ ಕಾಗದವನ್ನು, ಚೆನ್ನಾಗಿ ಬಿದ್ದದ್ದನ್ನಲ್ಲ, ಕೊನೆಯದಾಗಿ ಬಿದ್ದದ್ದನ್ನು, ಮುಂದಿಟ್ಟುಕೊಂಡು ಅವನೇ ಅದನ್ನು ಮಾಡಿಕೊಳ್ಳಬೇಕು.

ಅಂತೂ ಒಂದು ಸಂಜೆ, ಗಾಳಿ ಬಿದ್ದು ಹುಲ್ಲಿನ ತುದಿ ಅಲುಗದ ಹೊತ್ತಿನಲ್ಲಿ, ಹತ್ತು ತೂತುಗಳು ಒಂದರ ಬಗಲಲ್ಲೊಂದು ಸೇರುತ್ತವೆ. ಹವ್ಯಾಸಿಯು ಒತ್ತಡವನ್ನೂ, ಸ್ಪ್ರಿಂಗಿನ ಸುತ್ತುಗಳನ್ನೂ, ವೇಗವನ್ನೂ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಮರುದಿನ ಇನ್ನಷ್ಟು ಸ್ಲಗ್ಗುಗಳಿಗೆ ಬರೆದು ತರಿಸುತ್ತಾನೆ. ಅದೇ ಹೆಸರು, ಅದೇ ತೂಕ, ಅದೇ ಬಣ್ಣದ ಡಬ್ಬಿ. ತೆರೆದು ಅಳೆದು ನೋಡಿದರೆ ಅಚ್ಚು ಬದಲಾಗಿದೆ. ಸ್ಲಗ್ಗು ಅಂಗುಲದ ಎರಡು ಸಾವಿರದೊಂದು ಪಾಲಿನಷ್ಟು ದಪ್ಪವಾಗಿದೆ. ಅಲೆನ್ ಕೀಲಿಗಳ ಗೊಂಚಲು ಎಲ್ಲಿಟ್ಟಿತ್ತೆಂದು ಅವನು ಹುಡುಕತೊಡಗುತ್ತಾನೆ.