ಬಾರ್ ಹಾರ್ಬರ್: ಲಾಬ್‌ಸ್ಟರ್‌ಗೆ ಅಳತೆಗೋಲು ಹಿಡಿದ ಊರು

ಅಮೆರಿಕದ ಈಶಾನ್ಯ ತುದಿಯಲ್ಲಿ, ಕೆನಡಾಕ್ಕೆ ಅಂಟಿಕೊಂಡಂತೆ ಮೇನ್ ಎಂಬ ರಾಜ್ಯವಿದೆ. ಅದರ ಕರಾವಳಿ ಬಹುಮಟ್ಟಿಗೆ ಕಲ್ಲುಬಂಡೆಗಳದು. ನೀರು ಬೇಸಿಗೆಯಲ್ಲೂ ಕಾಲಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗೆ. ಅಲ್ಲಿನ ಮೌಂಟ್ ಡೆಸರ್ಟ್ ದ್ವೀಪದ ಮೇಲಿರುವ ಪುಟ್ಟ ಊರೇ ಬಾರ್ ಹಾರ್ಬರ್. ಜನಸಂಖ್ಯೆ ಸುಮಾರು ಐದು ಸಾವಿರ. ಊರಿನ ಬೆನ್ನಿಗೆ ಅಕೇಡಿಯಾ ರಾಷ್ಟ್ರೀಯ ಉದ್ಯಾನ, ಅದರೊಳಗೆ 1,530 ಅಡಿ ಎತ್ತರದ ಕ್ಯಾಡಿಲಾಕ್ ಬೆಟ್ಟ. ಶರತ್ಕಾಲದಲ್ಲಿ ಮೇಪಲ್ ಮರದ ಎಲೆಗಳು ಕೆಂಪೇರುತ್ತಿದ್ದಂತೆ ಇಲ್ಲಿಗೆ ಪ್ರವಾಸಿ ಹಡಗುಗಳ ಸಾಲು ಶುರುವಾಗುತ್ತದೆ.

ಬಾಸ್ಟನ್‌ನಲ್ಲಿರುವ ನನ್ನ ಅಕ್ಕನ ಮಗನ ಒತ್ತಾಯಕ್ಕೆ ಅಂತಹುದೊಂದು ಹಡಗನ್ನು ನಾವೂ ಹತ್ತಿದೆವು. ಹಡಗು ಎನ್ನುವುದಕ್ಕಿಂತ ತೇಲುವ ಪಟ್ಟಣ ಎನ್ನಬೇಕು. ಎರಡು ಸಾವಿರ ಜನರಿಗೆ ಹೊತ್ತುಹೊತ್ತಿಗೆ ಊಟ. ಇಂಥ ಹಡಗುಗಳಲ್ಲಿ ಒಂದು ರಾತ್ರಿ ಎಲ್ಲರೂ ಕೋಟು, ರೇಷ್ಮೆ ಸೀರೆ ಎಂದು ಸಿಂಗರಿಸಿಕೊಂಡು ಬರುವ ಪದ್ಧತಿ. ಆ ರಾತ್ರಿಯ ರಾಜಭೋಜನವೇ ಲಾಬ್‌ಸ್ಟರ್. ಸಿಗಡಿಯ ದೊಡ್ಡಣ್ಣ ಎನ್ನಬಹುದಾದ ಸಮುದ್ರಜೀವಿ ಇದು.

ಬಡಿಸಲು ಬಂದ ಹುಡುಗ ನಮ್ಮ ಮಾತು ಕೇಳಿ ಅರಳಿದ. ಮಂಗಳೂರಿನವನಂತೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನೆಂದು ತಿಳಿದ ಮೇಲೆ ‘ಸರ್’ ಹೋಗಿ ‘ಮಾಸ್ಟ್ರೇ’ ಬಂತು.

“ಇದು ಬಾಲ ಮಾತ್ರ ಮಾಸ್ಟ್ರೇ, ಫ್ರೀಜರಿನದ್ದು. ಬಿಸಿ ದೇಶದ ಸಮುದ್ರದಿಂದ ಬಂದದ್ದು. ಇಲ್ಲಿಯದೇ ಬೇಕಾದರೆ ನಾಳೆ ದಡಕ್ಕೆ ಇಳಿಯಬೇಕು” ಎಂದ.

“ನಿಮಗೂ ಇದೇ ಊಟವಾ?” ಎಂದು ಕೇಳಿದೆ.

“ಕೆಳಗೆ ನಮಗೆ ಅನ್ನ, ಮೀನುಸಾರು ಸಿಕ್ಕಿದ ದಿನವೇ ಹಬ್ಬ. ಹತ್ತಿ ಎಂಟು ತಿಂಗಳಾಯಿತು. ತಂಗಿಯ ಕಾಲೇಜು ಮುಗಿಯುವ ತನಕ ಇದೇ” ಎಂದು ನಕ್ಕು ಮುಂದಿನ ಮೇಜಿಗೆ ಹೋದ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿ ಮಕ್ಕಳನ್ನು ಹಡಗಿಗೆ ಕಳಿಸುವ ಕನಸಿರುವ ಪೋಷಕರು ಈ ಎಂಟು ತಿಂಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಹುಡುಗ ಹೇಳಿದ್ದು ಜೀವಶಾಸ್ತ್ರದ ಪಾಠವೇ. ಉಷ್ಣವಲಯದ ಸಮುದ್ರಗಳ ಮುಳ್ಳು ಲಾಬ್‌ಸ್ಟರ್‌ಗೆ ಇಕ್ಕುಳದಂತಹ ದೊಡ್ಡ ಕೈಗಳಿಲ್ಲ. ತಿನ್ನುವ ಮಾಂಸವೆಲ್ಲ ಬಾಲದಲ್ಲಿ. ಬಾಲ ಕತ್ತರಿಸಿ ಹೆಪ್ಪುಗಟ್ಟಿಸಿದರೆ ಸಾವಿರಾರು ಮೈಲಿ ಸಾಗಿಸಬಹುದು. ತಣ್ಣೀರಿನ ಮೇನ್ ಲಾಬ್‌ಸ್ಟರ್‌ಗಾದರೋ ಎರಡು ದಪ್ಪ ಕೈಗಳುಂಟು: ಒಂದು ಚಿಪ್ಪು ಒಡೆಯಲು, ಇನ್ನೊಂದು ಹರಿದು ತಿನ್ನಲು. ಸತ್ತ ಮೇಲೆ ಇದರ ಮಾಂಸ ಬಲುಬೇಗ ಕೆಡುವುದರಿಂದ ಜೀವಂತವಾಗಿಯೇ ಮಾರುವುದು ವಾಡಿಕೆ.

ಮರುದಿನ ಬೆಳಿಗ್ಗೆ ಹಡಗು ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಲಂಗರು ಹಾಕಿತು. ದೊಡ್ಡ ಹಡಗು ತಾಗುವ ಧಕ್ಕೆ ಬಾರ್ ಹಾರ್ಬರ್‌ನಲ್ಲಿಲ್ಲ. ಸಣ್ಣ ದೋಣಿಗಳಲ್ಲಿ ದಡ ಸೇರಬೇಕು. ನೀರಿನ ತುಂಬ ಬಣ್ಣಬಣ್ಣದ ಬುರುಡೆಗಳು ತೇಲುತ್ತಿದ್ದವು. ಪ್ರತಿಯೊಬ್ಬ ಬೆಸ್ತನಿಗೂ ತನ್ನದೇ ಬಣ್ಣ. ಬುರುಡೆಯ ಕೆಳಗೆ ಹಗ್ಗ, ಹಗ್ಗದ ತುದಿಗೆ ಸಮುದ್ರದ ತಳದಲ್ಲಿ ಒಂದು ಬೋನು. ಪ್ರವಾಸಿಗರಿಗೆ ಇದನ್ನೆಲ್ಲ ತೋರಿಸುವ ದೋಣಿಯಲ್ಲಿ ನಾವೂ ಕುಳಿತೆವು.

ಬೋನಿಗೆ ಎರಡು ಕೋಣೆಗಳು. ಮೊದಲನೆಯದನ್ನು ಅವರು ‘ಅಡುಗೆಮನೆ’ ಎಂದೇ ಕರೆಯುತ್ತಾರೆ. ಅಲ್ಲಿ ಮೀನಿನ ತುಂಡು ಕಟ್ಟಿರುತ್ತದೆ. ಎರಡನೆಯದು ‘ಪಡಸಾಲೆ’. ಉಂಡು ಪಡಸಾಲೆಗೆ ನಡೆದ ಅತಿಥಿಗೆ ವಾಪಸಾಗುವ ದಾರಿ ಸಿಗುವುದು ಕಷ್ಟ. ಆದರೆ ಮರಿಗಳು ನುಸುಳಿ ಹೋಗಲೆಂದು ಗೋಡೆಯಲ್ಲಿ ಕಿಂಡಿ ಬಿಟ್ಟಿರಬೇಕು. ಇದು ಕಾನೂನು.

ಮೇಲೆ ಬಂದ ಲಾಬ್‌ಸ್ಟರ್ ಕೆಂಪಗಿರಲಿಲ್ಲ! ಕಪ್ಪಿಗೆ ತಿರುಗಿದ ಹಸಿರು, ಅಲ್ಲಲ್ಲಿ ನೀಲಿ. ಅದರ ಚಿಪ್ಪಿನಲ್ಲಿ ಅಸ್ಟಜಾಂತಿನ್ ಎಂಬ ಕೆಂಪು ವರ್ಣದ್ರವ್ಯ ಒಂದು ಪ್ರೋಟೀನಿಗೆ ಅಂಟಿಕೊಂಡು ನೀಲಿಯಾಗಿ ಕಾಣುತ್ತದೆ. ಕುದಿನೀರಿನಲ್ಲಿ ಪ್ರೋಟೀನಿನ ಆಕಾರ ಕೆಡುತ್ತದೆ, ಕೆಂಪು ಬಿಡುಗಡೆಯಾಗುತ್ತದೆ. ಏಡಿ, ಸಿಗಡಿ ಬೆಂದಾಗ ಕೆಂಪಾಗುವುದೂ ಇದರಿಂದಲೇ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರಲು ಕಬ್ಬಿಣ ಇರುವಂತೆ ಇದರ ರಕ್ತದಲ್ಲಿ ತಾಮ್ರವಿದೆ. ಜೀವಂತ ಕುದಿಸುವ ಕ್ರಮದ ಬಗ್ಗೆ ಈಗ ತಕರಾರೂ ಎದ್ದಿದೆ. ಮೊದಲು ಪ್ರಜ್ಞೆ ತಪ್ಪಿಸದೆ ಕುದಿಸುವುದನ್ನು ಸ್ವಿಟ್ಜರ್ಲೆಂಡ್ 2018ರಲ್ಲಿ ನಿಷೇಧಿಸಿತು.

ದೋಣಿಯ ನಾಯಕ ಮೊದಲು ಮಾಡಿದ ಕೆಲಸ ಜೇಬಿನಿಂದ ಲೋಹದ ಅಳತೆಪಟ್ಟಿ ತೆಗೆದದ್ದು. ಕಣ್ಣಿನ ಗುಳಿಯಿಂದ ಬೆನ್ನಚಿಪ್ಪಿನ ಕೊನೆಯವರೆಗೆ ಅಳೆದ. ಮೂರೂಕಾಲು ಅಂಗುಲಕ್ಕಿಂತ ಕಡಿಮೆಯಾದರೆ ಮರಳಿ ನೀರಿಗೆ. ಆ ಮಟ್ಟಕ್ಕೆ ಬೆಳೆಯಲು ಅದಕ್ಕೆ ಸುಮಾರು ಏಳು ವರ್ಷ ಬೇಕು. ಐದು ಅಂಗುಲ ಮೀರಿದರೂ ನೀರಿಗೇ, ಏಕೆಂದರೆ ದೊಡ್ಡ ಹೆಣ್ಣು ಸಣ್ಣದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೊಟ್ಟೆ ಹೊರುತ್ತದೆ. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಬಾಲದ ಅಂಚಿನಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಸಣ್ಣ ಗುರುತು ಕತ್ತರಿಸಿ ಬಿಡಬೇಕು. ಮುಂದೆ ಮೊಟ್ಟೆಯಿಲ್ಲದೆ ಸಿಕ್ಕರೂ, ಆ ಗುರುತು ಕಂಡವರು ಅದನ್ನು ಇಟ್ಟುಕೊಳ್ಳುವಂತಿಲ್ಲ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಗೌರವಿಸುವ ಈ ಏರ್ಪಾಟಿಗೆ ನೂರು ವರ್ಷಗಳ ವಯಸ್ಸು. ಒಬ್ಬ ಬೆಸ್ತನಿಗೆ ಎಂಟುನೂರಕ್ಕಿಂತ ಹೆಚ್ಚು ಬೋನುಗಳಿಲ್ಲ. ಟ್ರಾಲ್ ಬಲೆ ಎಳೆದು ಹಿಡಿದ ಲಾಬ್‌ಸ್ಟರನ್ನು ಮೇನ್‌ನ ದಡಕ್ಕೆ ತರುವಂತೆಯೇ ಇಲ್ಲ.

ಈ ಶಿಸ್ತು ಫಲ ಕೊಟ್ಟಿತು. 2016ರಲ್ಲಿ ಮೇನ್‌ನಲ್ಲಿ ಸಿಕ್ಕ ಲಾಬ್‌ಸ್ಟರ್ 13 ಕೋಟಿ ಪೌಂಡ್‌ಗೂ ಮೇಲೆ, ಎಂದರೆ ಸುಮಾರು 60 ಸಾವಿರ ಟನ್. ಆದರೆ 2023ರಲ್ಲಿ ಅದು 10 ಕೋಟಿ ಪೌಂಡ್‌ಗಿಂತ ಕೆಳಗಿಳಿಯಿತು. ಮೇನ್ ಕೊಲ್ಲಿ ಜಗತ್ತಿನಲ್ಲೇ ಬಲುವೇಗವಾಗಿ ಬಿಸಿಯಾಗುತ್ತಿರುವ ಸಮುದ್ರಭಾಗಗಳಲ್ಲಿ ಒಂದು. ಲಾಬ್‌ಸ್ಟರ್‌ಗೆ 20 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಸಹಿಸದು. ದಕ್ಷಿಣಕ್ಕೆ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್ ಸೌಂಡ್‌ನಲ್ಲಿ 1999ರಲ್ಲಿ ಅವು ರಾಶಿರಾಶಿಯಾಗಿ ಸತ್ತವು. ಅಲ್ಲಿನ ಕಸುಬು ಮತ್ತೆ ಚೇತರಿಸಿಕೊಳ್ಳಲಿಲ್ಲ. ಬೆಸ್ತ ಚಿಪ್ಪನ್ನು ಅಳೆಯಬಲ್ಲ, ಸಮುದ್ರದ ಶಾಖವನ್ನು ತಗ್ಗಿಸುವುದು ಅವನೊಬ್ಬನ ಕೈಯಲ್ಲಿಲ್ಲ. ಎಣ್ಣೆ ಉರಿಸುತ್ತ ಬಂದ ಹಡಗಿನಿಂದ ಇಳಿದ ನಮ್ಮಂಥವರಿಗೂ ಆ ಲೆಕ್ಕದಲ್ಲಿ ಪಾಲುಂಟು.

ಪ್ರವಾಸಿಗರಿಗೂ ಊರಿನವರು ಅಳತೆ ಹಾಕಿದ್ದಾರೆ. ಹಡಗುಗಳಿಂದ ದಿನಕ್ಕೆ ಒಂದು ಸಾವಿರಕ್ಕಿಂತ ಹೆಚ್ಚು ಜನ ಇಳಿಯಬಾರದೆಂದು 2022ರ ನವೆಂಬರಿನಲ್ಲಿ ಮತ ಹಾಕಿ ತೀರ್ಮಾನಿಸಿದರು. ವ್ಯಾಪಾರ ಬೇಕು ಎಂಬವರಿಗೂ, ಬೀದಿಯಲ್ಲಿ ನಡೆಯಲು ಜಾಗ ಬೇಕು ಎಂಬವರಿಗೂ ಜಟಾಪಟಿ ನಡೆದು ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಇದು ದೂರದ ಊರಿನ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಲಾಬ್‌ಸ್ಟರ್ ಉಂಟು. ಮುಂಬಯಿ ಕಡಲಿನಲ್ಲಿ ಯಥೇಚ್ಛವಾಗಿದ್ದ ಚಪ್ಪಟೆ ಲಾಬ್‌ಸ್ಟರಿನ ಮೀನುಗಾರಿಕೆ ಟ್ರಾಲ್ ಬಲೆಗೆ ಸಿಕ್ಕಿ 1990ರ ದಶಕದಲ್ಲಿ ಕುಸಿದುಬಿತ್ತು. ಕೇಂದ್ರ ಸರ್ಕಾರ 2003ರಲ್ಲಿ ರಫ್ತಿಗೆ ಕನಿಷ್ಠ ತೂಕ ಗೊತ್ತುಮಾಡಿತು: ಜಾತಿಗೆ ತಕ್ಕಂತೆ 150 ಗ್ರಾಂನಿಂದ 500 ಗ್ರಾಂವರೆಗೆ. ಆದರೆ ಆ ನಿಯಮ ರಫ್ತಿಗೆ ಮಾತ್ರ. ಊರಿನ ಸಂತೆಗೆ, ನಮ್ಮ ಬುಟ್ಟಿಗೆ ಬರುವ ಮರಿಗಳನ್ನು ಅದು ತಡೆಯುವುದಿಲ್ಲ.

ಬಾರ್ ಹಾರ್ಬರ್ ಅಂಗಡಿಯೊಂದರಲ್ಲಿ ಆ ಅಳತೆಪಟ್ಟಿ ಮಾರಾಟಕ್ಕಿತ್ತು. ಒಂದನ್ನು ತಂದು ಶಾಲೆಯ ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಒಂಬತ್ತನೆಯ ತರಗತಿಯ ಮೀನುಗಾರರ ಹುಡುಗಿಯೊಬ್ಬಳು ಅದನ್ನು ತಿರುಗಿಸಿ ನೋಡಿ, “ಸರ್, ದೋಣಿಯಲ್ಲಿ ಯಾರೂ ನೋಡುವವರು ಇಲ್ಲದಿದ್ದರೂ ಅವರು ಅಳೆಯುತ್ತಾರಾ?” ಎಂದು ಕೇಳಿದಳು. ಅಳೆಯುವವರು ಇದ್ದುದರಿಂದಲೇ ನಮ್ಮ ತಟ್ಟೆಗೆ ಬಂತು ಎಂದೆ. ಅವಳು ಅದನ್ನು ಮನೆಗೆ ಒಯ್ದು ಅಪ್ಪನಿಗೆ ತೋರಿಸಿ ತರಲು ಅನುಮತಿ ಕೇಳಿದಳು. ಕೊಟ್ಟು ಕಳಿಸಿದೆ.